ಆಲೆಮನೆಯಲ್ಲಿ ಬೆಲ್ಲ ಬೇಡವೆಂದವಳು

ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗುವ ರಸ್ತೆಬದಿಯ ಆಲೆಮನೆಯಲ್ಲಿ ಈಗತಾನೆ ಬೆಳಕು ಹರಿಯುತ್ತಿದೆ. ಮುತ್ತಮ್ಮ ಒಲೆಯ ಬಾಯಿಗೆ ರಸ ಹಿಂಡಿದ ಕಬ್ಬಿನ ಒಣ ರಚ್ಚು ತಳ್ಳುತ್ತಿದ್ದಾಳೆ. ಉರಿ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ, ಕಮ್ಮಿಯಾದರೆ ಅಚ್ಚಿನಲ್ಲಿ ಕೂರುವುದಿಲ್ಲ. ಹಂಗಾಮಿನಲ್ಲಿ ದಿನಕ್ಕೆ ಆರು ಕೊಪ್ಪರಿಗೆ. ಒಂಬತ್ತು ವರ್ಷದಿಂದ ಉರಿ ಅವಳದೇ. ಪಕ್ಕದಲ್ಲಿ ನಾಲ್ಕು ವರ್ಷದ ಮಗಳು ಚಿನ್ನು ಡಬ್ಬಿಯಿಂದ ಮೊಸರನ್ನ ತಿನ್ನುತ್ತಿದ್ದಾಳೆ.

"ಆಲೆಮನೆಯೋಳ ಕೂಸ್ಗೆ ಬೆಲ್ಲ ಆಗಲ್ವಂತೆ ಅಂತ ಊರೆಲ್ಲ ನಗಾಡ್ತು. ನಗ್ಲಿ ಬುಡಿ. ಒಟ್ಟೆ ಇಡ್ಕಂಡು ಒದ್ದಾಡ್ತಿದ್ದೋಳು ಅವ್ರ ಮಗಳಲ್ಲ," ಎನ್ನುತ್ತಾಳೆ ಮುತ್ತಮ್ಮ.

ಚಿನ್ನು ಹುಟ್ಟಿದ್ದು ನಾಲ್ಕು ವರ್ಷದ ಹಿಂದೆ, ತೊಂಬತ್ಮೂರರಲ್ಲಿ. ಎರಡು ತುಂಬುವ ಹೊತ್ತಿಗೆ ಹೊಟ್ಟೆ ತಮಟೆಯಂತೆ ಉಬ್ಬತೊಡಗಿತು, ಭೇದಿ ನಿಲ್ಲದಾಯಿತು. ಅತ್ತೆ ಚಿಕ್ಕಬೋರಮ್ಮ ದೃಷ್ಟಿ ತೆಗೆದರು, ತಾಯತ ಕಟ್ಟಿಸಿದರು. ಭೇದಿಯಾದರೆ ನೀರಿಗೆ ಉಪ್ಪು, ಬೆಲ್ಲ ಹಾಕಿ ಕುಡಿಸಬೇಕೆಂದು ಯಾರೋ ಹೇಳಿದ್ದರು. ಬೆಲ್ಲ ಕೈಗೆಟಕುವಲ್ಲೇ ಇತ್ತು. ಮುತ್ತಮ್ಮ ಧಾರಾಳವಾಗಿಯೇ ಹಾಕಿದಳು. ಶಕ್ತಿ ಬರಲೆಂದು ಜೇನುತುಪ್ಪವನ್ನೂ ನೆಕ್ಕಿಸಿದಳು.

"ವಸಿ ಜಾಸ್ತಿ ಆಕುದ್ರೆ ಬೇಗ ವಾಸಿ ಆಯ್ತದೆ ಅನ್ಕಂಡೆ. ಮಗೀಗೆ ಕಷ್ಟ ಕಲಸಿ ಕುಡಿಸ್ತಿದ್ದೋಳು ನಾನೇ," ಎನ್ನುವಾಗ ಅವಳು ಒಲೆಯಿಂದ ಕಣ್ಣು ತೆಗೆಯುವುದಿಲ್ಲ.

ಕೊನೆಗೆ ಮೈಸೂರಿನ ಡಾಕ್ಟರಮ್ಮ ಒಬ್ಬರು, ಮಗು ತಿಂದದ್ದನ್ನೆಲ್ಲ ಬರೆದು ತರಲು ಹೇಳಿದರು. ಗಂಡ ಗಿರೀಶ ಬರೆದ. ಎರಡು ವಾರ ಹಣ್ಣು, ಜೇನು, ಬೆಲ್ಲ ನಿಲ್ಲಿಸಿದಾಗ ಹೊಟ್ಟೆ ಇಳಿಯಿತು. ಮತ್ತೆ ಜೇನು ಕೊಟ್ಟು ನೋಡಿದಾಗ ಉಬ್ಬಿತು. ಇವುಗಳಿಂದ ಬರುವ ಫ್ರಕ್ಟೋಸ್ ಎಂಬ ಸಕ್ಕರೆಯನ್ನು ಈ ಮಗುವಿನ ಕರುಳು ಸರಿಯಾಗಿ ಹೀರಿಕೊಳ್ಳುವುದಿಲ್ಲ ಎಂದರು ಡಾಕ್ಟರಮ್ಮ. ಊಟದ ಜೊತೆ ಒಂದು ಚೂರು ಬಾಳೆಹಣ್ಣಾದರೆ ತಡೆಯುತ್ತದೆ, ಬೆಲ್ಲದುಂಡೆ ತಡೆಯದು. ಅಂದಿನಿಂದ ಮುದ್ದೆ, ಅನ್ನ, ಮೊಸರು, ಮೊಟ್ಟೆ, ಒಂದಿಷ್ಟು ಸೊಪ್ಪು.

ಊಟ ಬದಲಿಸುವುದು ಸುಲಭವಿತ್ತು. ಜನರ ಕೈ ತಡೆಯುವುದು ಕಷ್ಟ. ಈ ಆಲೆಮನೆಯಲ್ಲಿ ಹಂಗಾಮಿನ ಮೊದಲ ಬೆಲ್ಲ ಉರಿ ಹಾಕುವವಳ ಮಗುವಿನ ಬಾಯಿಗೆ ಬಿದ್ದ ಮೇಲೆಯೇ ಮಾರಾಟಕ್ಕೆ ಹೋಗುವುದು. ಹೋದ ವರ್ಷ ಮುತ್ತಮ್ಮ ಬೇಡವೆನ್ನಲು ಅಂಜಿದಳು. ಚಿನ್ನು ಎರಡು ದಿನ ಮೇಲೇಳಲಿಲ್ಲ.

ಇವತ್ತು ಈ ವರ್ಷದ ಮೊದಲ ಕೊಪ್ಪರಿಗೆ ಇಳಿದಿದೆ. ಮಾಲೀಕ ದ್ಯಾವಯ್ಯ ಬಿಸಿ ಬೆಲ್ಲದುಂಡೆ ಹಿಡಿದು ಮಗುವಿನತ್ತ ಬರುತ್ತಾನೆ. ಮುತ್ತಮ್ಮ ನಡುವೆ ನಿಲ್ಲುತ್ತಾಳೆ.

"ಬ್ಯಾಡಿ ಗೌಡ್ರೆ."

"ಒಂದು ಚೂರಿಗೆ ಏನಾಯ್ತದಮ್ಮಿ? ನಮ್ಮಪ್ಪನ ಕಾಲ್ದಿಂದ ನಡ್ಕಂಡ್ ಬಂದದೆ."

"ನಿಮ್ಮಪ್ಪನ ಕಾಲ್ದಲ್ಲಿ ನನ್ ಮಗಳು ಇರ್ನಿಲ್ಲ."

"ಶುರೂನಲ್ಲೇ ಅಪಶಕುನ ಮಾಡ್ತೀಯಾ? ನಾಳಿಂದ ಬೇರೆಯೋರ್ನ ಒಲೆಗೆ ಕೂರಿಸ್ತೀನಿ."

"ಕೂರಿಸ್ಕಳಿ. ಕೆಲ್ಸ ಇನ್ನೊಂದ್ ಕಡೆ ಸಿಕ್ತದೆ. ಅವಳ ಒಟ್ಟೆ ಇನ್ನೊಂದ್ ಸಿಕ್ಕಾಕಿಲ್ಲ." ಅವನ ಕೈಯಿಂದ ಉಂಡೆ ತೆಗೆದುಕೊಂಡು ತಾನೇ ಬಾಯಿಗೆ ಹಾಕಿಕೊಳ್ಳುತ್ತಾಳೆ. "ಬೇಯ್ಸಿದ್ದು ನಾನು. ಶಾಸ್ತ್ರ ನನ್ ಬಾಯ್ಗೇ ಆಗ್ಲಿ."

ಅಚ್ಚಿನ ಬಳಿ ಯಾರೋ ಕಿಸಕ್ಕೆಂದು ನಗುತ್ತಾರೆ. ದ್ಯಾವಯ್ಯ ಅವಳನ್ನು ನೋಡುತ್ತಾನೆ, ಒಲೆಯ ಮೇಲೆ ಕುದಿಯುತ್ತಿರುವ ಎರಡನೇ ಕೊಪ್ಪರಿಗೆಯನ್ನು ನೋಡುತ್ತಾನೆ. "ಉರಿ ಇಳೀತಾ ಅದೆ, ಓಗಿ ನೋಡ್ಕ," ಎಂದು ಗೊಣಗಿ ಹೊರನಡೆಯುತ್ತಾನೆ.

ಬಿಡುವಾದಾಗ ಮುತ್ತಮ್ಮ ಮಗಳನ್ನು ಬೆಲ್ಲದ ತಕ್ಕಡಿಯಲ್ಲಿ ಕೂರಿಸುತ್ತಾಳೆ. ಹದಿಮೂರು ಕೇಜಿ, ಹೋದ ಯುಗಾದಿಗೆ ಹನ್ನೊಂದು ಇತ್ತು. ಮುಂದೆ ಏನಾಗಬೇಕು ಎಂದರೆ ಅವಳು ದೊಡ್ಡದೇನೂ ಕೇಳುವುದಿಲ್ಲ.

"ಸಂಕ್ರಾಂತೀಲಿ ಎಳ್ಳು ಬೀರೋರು ಇವಳ ಕೈಗೆ ಎಳ್ಳು, ಕಡ್ಲೆಕಾಯ್ಬೀಜ, ಕೊಬ್ರಿ ಅಷ್ಟೇ ಆಕ್ಲಿ. ಬೆಲ್ಲ ಆಕುದ್ರೆ ಅವರ ಮುಂದ್ಲೇ ಕೂತ್ಕಂಡು ಒಂದೊಂದೇ ಚೂರು ಆಯ್ದು ವಾಪಸ್ ಕೊಡ್ತೀನಿ. ನಂಗೇನು ಆತುರ ಇಲ್ಲ."