ಅಕ್ಕೋರ ಅಮಾವಾಸ್ಯೆ

ಕೀಬೋರ್ಡಿಗೆ ಕೈ ಹಚ್ಚುವ ಮೊದಲು ಅಕ್ಕೋರು ಎರಡೂ ಕೈಗಳ ಹಸಿರು ಬಳೆಗಳನ್ನು ಮೊಣಕೈಯವರೆಗೆ ಏರಿಸಿಕೊಳ್ಳುತ್ತಿದ್ದರು. ನಮ್ಮ ಕಡೆಯ ಹೆಂಗಸರು ರೊಟ್ಟಿಯ ಹಿಟ್ಟು ನಾದಲು ಕೂರುವ ಮುಂಚೆ ಮಾಡುವುದೂ ಹೀಗೆಯೇ. ಬಳೆಗಳು ಮೇಲೇರಿ ಬಿಗಿಯಾಗಿ ಕೂತವೆಂದರೆ ಆಫೀಸಿನಲ್ಲಿ ಮಾತು ನಿಲ್ಲುತ್ತಿತ್ತು. ಕೆಲಸ ಮುಗಿದ ಮೇಲೆ ಅವು ಝಣ್ಣೆಂದು ಮಣಿಕಟ್ಟಿಗೆ ಇಳಿಯುತ್ತಿದ್ದವು. ಆ ಸದ್ದು ಕೇಳಿದರೆ ಇನ್ನು ಚಹಾ ತರಿಸಬಹುದು ಎಂದು ನಮಗೆ ತಿಳಿಯುತ್ತಿತ್ತು.

ಬಾಗಲಕೋಟೆಯ ನವನಗರದಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯೇ ಅವರ ಆಫೀಸು. ಅದಕ್ಕೂ ಮೊದಲು ಅವರು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಕಲಿಸುವ ಹೆಂಗಸರನ್ನು ನಮ್ಮಲ್ಲಿ ಅಕ್ಕೋರು ಎಂದೇ ಕರೆಯುವುದು. ನೌಕರಿ ಬಿಟ್ಟರೂ ಆ ಹೆಸರು ಅವರನ್ನು ಬಿಡಲಿಲ್ಲ. ನಾನು ಚೊಳಚಗುಡ್ಡದಿಂದ ದಿನಾ ಬಸ್ಸಿಗೆ ಬರುತ್ತಿದ್ದೆ. ಬಸ್ಸು ತಡವಾಗಿ ನಾನು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರೆ ಅಕ್ಕೋರು ಬೈಯುತ್ತಿರಲಿಲ್ಲ, ಆದರೆ ಕೆಲಸಕ್ಕೂ ಬಿಡುತ್ತಿರಲಿಲ್ಲ. "ಕುಂದ್ರು. ಈಗಷ್ಟ ಬಸ್ಸ ಇಳದೀದಿ. ಮೊದಲ ಉಸಿರ ತಗೋ, ಆಮ್ಯಾಲ ಮಷೀನ್ ಮುಟ್ಟು," ಎಂದು ನೀರಿನ ತಂಬಿಗೆ ನನ್ನತ್ತ ಸರಿಸುತ್ತಿದ್ದರು.

ನಮ್ಮ ಮುಖ್ಯ ಕೆಲಸ ಇಳಕಲ್ಲಿನ ನೇಕಾರ ಹೆಂಗಸರ ಗುಂಪೊಂದರದು. ತಾವು ನೇಯ್ದ ಸೀರೆಯ ಫೋಟೋ ತೆಗೆದು ತಾವೇ ಹಾಕಿ, ಪುಣೆ, ಸೊಲ್ಲಾಪುರ, ಹುಬ್ಬಳ್ಳಿಯ ಗಿರಾಕಿಗಳಿಗೆ ನೇರ ಮಾರುವಂಥ ಒಂದು ಆ್ಯಪ್ ಅನ್ನು ಅಕ್ಕೋರು ಅವರಿಗೆ ಮಾಡಿಕೊಟ್ಟಿದ್ದರು. ಅದು ನಡೆಯುವುದು ಎಲ್ಲೋ ದೂರದ ಬಾಡಿಗೆ ಸರ್ವರುಗಳ ಮೇಲೆ, ಅಂದರೆ ಕ್ಲೌಡಿನಲ್ಲಿ. ಕೆಲಸ ಹೆಚ್ಚಾದರೆ ಸರ್ವರುಗಳು ತಾವಾಗಿಯೇ ಹೆಚ್ಚಬೇಕು, ಕಡಿಮೆಯಾದರೆ ಇಳಿಯಬೇಕು. ಈ ಆಟೋ ಸ್ಕೇಲಿಂಗ್ ಎಂಬುದನ್ನು ಅವರು ನನಗೆ ಕಲಿಸಿದ್ದು ಹೀಗೆ: "ಮದಿವ್ಯಾಗ ಮಂದಿ ಹೆಚ್ಚಾದ್ರ ಇನ್ನೊಂದು ಪಂಕ್ತಿ ಹಾಕ್ತಾರಲ್ಲ, ಹಂಗ ಇದು. ಆದ್ರ ಉಣ್ಣೋರು ಏಳೂತನಕ ಅವರ ಮುಂದಿನ ಎಲಿ ತಗೀಬಾರದು. ಇಷ್ಟ ತಿಳದ್ರ ಅರ್ಧಾ ತಿಳದಂಗ."

ಇಷ್ಟೆಲ್ಲ ಬಲ್ಲ ಅಕ್ಕೋರಿಗೆ ಒಂದು ಕಟ್ಟು ಇತ್ತು. ಅಮಾವಾಸ್ಯೆಯ ದಿನ ಹೊಸದೇನನ್ನೂ ಶುರು ಮಾಡಬಾರದು. ಹೊಸ ಕೋಡ್ ಏರಿಸುವುದಿರಲಿ, ಹೊಸ ಪೆನ್ನಿನ ಮುಚ್ಚಳ ಕೂಡ ತೆಗೆಯುತ್ತಿರಲಿಲ್ಲ. ಅವತ್ತು ಆಫೀಸಿಗೆ ಬೀಗ ಜಡಿದು ಶಿವಯೋಗ ಮಂದಿರಕ್ಕೆ ಹೋಗಿಬಿಡುತ್ತಿದ್ದರು. ನಮಗೂ ಸೂಟಿ ಸಿಗುತ್ತಿದ್ದುದರಿಂದ ತಕರಾರಿರಲಿಲ್ಲ, ಚಾಷ್ಟಿ ಮಾಡಿ ನಗುವುದನ್ನು ಮಾತ್ರ ಬಿಡುತ್ತಿರಲಿಲ್ಲ.

"ಅಕ್ಕೋರ, ಕ್ಲೌಡಿಗೆ ಅಮಾಸಿ ಎಲ್ಲಿ ಐತ್ರಿ?" ಎಂದು ಒಮ್ಮೆ ಕೇಳಿದ್ದೆ.

"ಕ್ಲೌಡಿಗೆ ಇಲ್ಲವ್ವಾ. ಅದನ್ನ ನಡಸೂ ಮನಷ್ಯಾಗ ಐತಿ," ಎಂದರು, ನಗದೆ.

ಹೀಗಿರುವಾಗ ಇಳಕಲ್ಲಿನಿಂದ ದೂರು ಬರತೊಡಗಿದವು. ಫೋಟೋ ಹೋಗುವುದಿಲ್ಲ, ಅರ್ಧಕ್ಕೆ ನಿಲ್ಲುತ್ತದೆ, ಆ್ಯಪ್ ತಾನೇ ಮುಚ್ಚಿಕೊಳ್ಳುತ್ತದೆ. ನಾವು ಮರುದಿನ ತೆಗೆದು ನೋಡಿದರೆ ಎಲ್ಲ ನೆಟ್ಟಗಿರುತ್ತಿತ್ತು. ಪಂಚಮಿ, ದೀಪಾವಳಿಯ ಗಿರಾಕಿಗಳ ನೂಕುನುಗ್ಗಲನ್ನೇ ತಡೆದುಕೊಂಡ ಸರ್ವರುಗಳು ಅವು. ಸಿಪಿಯು, ಅಂದರೆ ಸರ್ವರ್ ಎಷ್ಟು ದುಡಿಯುತ್ತಿದೆ ಎಂಬ ಲೆಕ್ಕ, ತಣ್ಣಗಿತ್ತು. ನಮ್ಮ ಅಲಾರ್ಮೂ ಅದನ್ನೇ ನೋಡಿ ಕೂಗುವಂಥದ್ದು, ಹಾಗಾಗಿ ಅದೂ ಸುಮ್ಮನಿತ್ತು. ನೆಟ್‌ವರ್ಕ್ ಸರಿ ಇರಲಿಕ್ಕಿಲ್ಲ ಎಂದು ಹೇಳಿ ಹೇಳಿ ನಮಗೇ ನಾಚಿಕೆಯಾಗತೊಡಗಿತ್ತು. ಕಡೆಗೆ ಗುಂಪಿನ ಹಿರಿಯಾಕೆ ಫೋನು ಮಾಡಿ, ಆ್ಯಪ್ ಬಿಟ್ಟು ಮೊದಲಿನಂತೆ ಅಂಗಡಿಯವರಿಗೇ ಸೀರೆ ಕೊಡುವ ಮಾತು ನಡೆದಿದೆ, ಮೀಟಿಂಗಿಗೆ ಬನ್ನಿ ಎಂದರು. ದಿನ ಯಾವುದು ಎಂದರೆ ಅಮಾವಾಸ್ಯೆ.

"ಮರುದಿನಾ ಇಟ್ಕೊಳ್ಳೂಣೇನ್ರಿ?" ಎಂದರು ಅಕ್ಕೋರು.

"ಮರುದಿನಾ ಮಗ್ಗಕ್ಕ ಕುಂದರ್ತೇವ್ರಿ ಅಕ್ಕೋರ. ನಮಗ ಪುರಸೊತ್ತ ಅವತ್ತ ಒಂದಿನಾನ."

ಅಕ್ಕೋರು ಫೋನಿಟ್ಟರು. "ಇವ್ರು ಬಿಟ್ಟು ಹೋದ್ರ ನಾ ನೌಕರಿ ಬಿಟ್ಟಿದ್ದಕ್ಕ ಅರ್ಥಾನ ಉಳಿಯೂದಿಲ್ಲ ನೋಡ ತಂಗಿ," ಎಂದರು. ಅವರ ಬಾಯಲ್ಲಿ ಅಂಥ ಮಾತು ನಾನು ಅದೇ ಮೊದಲು ಕೇಳಿದ್ದು.

ಅಮಾವಾಸ್ಯೆಯ ಬೆಳಿಗ್ಗೆ ಇಬ್ಬರೂ ಹುನಗುಂದದ ಮೇಲಿನ ಬಸ್ಸು ಹಿಡಿದು ಇಳಕಲ್ಲಿಗೆ ಹೋದೆವು. ಹುನಗುಂದ ಅವರ ತವರು. ಬಸ್ಸು ನಿಂತಾಗ ತಲೆ ಹೊರಗೆ ಹಾಕಿ ನೋಡಿದರೇ ವಿನಾ ಇಳಿಯಲಿಲ್ಲ. ಇಳಕಲ್ಲಿನ ಆ ಓಣಿಗೆ ನಾವು ಹೋದಾಗಲೆಲ್ಲ ಮನೆಮನೆಯಿಂದಲೂ ಮಗ್ಗದ ಖಟಪಟ ಕೇಳಿಸಿ, ಮಾತಾಡುವುದಾದರೆ ದನಿ ಏರಿಸಬೇಕಾಗುತ್ತಿತ್ತು. ಅವತ್ತು ಅಕ್ಕೋರು ಓಣಿಯ ಬಾಯಲ್ಲೇ ನಿಂತುಬಿಟ್ಟರು.

"ಸಪ್ಪಳಾನ ಇಲ್ಲ ನೋಡು."

"ಅಮಾಸಿಗೆ ಮಗ್ಗಕ್ಕ ಸೂಟಿ ಅಲ್ಲೇನ್ರಿ," ಎಂದೆ ನಾನು, ಅದರಲ್ಲೇನು ವಿಶೇಷ ಎಂಬಂತೆ.

ಕಟ್ಟೆಗಳ ಮೇಲೆ, ಮಾಳಿಗೆಗಳ ಮೇಲೆ ಸೀರೆಗಳು ಹರಡಿಕೊಂಡಿದ್ದವು. ಒಬ್ಬಳು ಸೆರಗು ಬಿಡಿಸಿ ಹಿಡಿದರೆ ಇನ್ನೊಬ್ಬಳು ಬಗ್ಗಿ ಫೋಟೋ ತೆಗೆಯುತ್ತಿದ್ದಳು. ಇಡೀ ಓಣಿ ಒಂದೇ ಕೆಲಸದಲ್ಲಿತ್ತು. ಅಕ್ಕೋರು ಹತ್ತಿರದ ಕಟ್ಟೆಯ ಮೇಲೆ ಕೂತು ಲ್ಯಾಪ್‌ಟಾಪ್ ಬಿಚ್ಚಿದರು. ಬಳೆ ಏರಿಸಲಿಲ್ಲ. ಸುಮ್ಮನೆ ನೋಡಿದರು. ನಾನೂ ಹಿಂದೆ ನಿಂತು ನೋಡಿದೆ. ಫೋಟೋಗಳು ಸಾಲುಗಟ್ಟಿ ನಿಂತಿವೆ. ಸರ್ವರುಗಳು ಮಾತ್ರ ಒಂದೊಂದು ಫೋಟೋ ನಿಧಾನಕ್ಕೆ ಬಂದು ಮುಟ್ಟುವುದನ್ನು ಕಾಯುತ್ತ ಕೂತಿವೆ. ಕಾಯುವುದರಲ್ಲಿ ಶ್ರಮವೇನು? ಸಿಪಿಯು ತಣ್ಣಗೇ ಇದೆ. ಅದನ್ನೇ ನೋಡುವ ಆಟೋ ಸ್ಕೇಲಿಂಗು, ಇಲ್ಲಿ ಕೆಲಸವಿಲ್ಲ ಎಂದು ತಿಳಿದು, ಇದ್ದ ಸರ್ವರುಗಳನ್ನೂ ಒಂದೊಂದಾಗಿ ತೆಗೆದುಹಾಕುತ್ತಿದೆ. ಅದರ ಜೊತೆಗೇ ಅರ್ಧ ಬಂದ ಫೋಟೋಗಳೂ ಹೋಗುತ್ತಿವೆ.

"ಉಣ್ಣೋರ ಮುಂದಿನ ಎಲಿ ಎತಗೊಂಡು ಹೊಂಟೈತಿ," ಎಂದು ಅಕ್ಕೋರು ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಇವ್ರು ಬಂದು ಬಾಗಲಾ ಬಡಿಯೂ ದಿನಾನ ನಾ ಕೀಲಿ ಹಾಕ್ಕೊಂಡು ದೇವ್ರ ಕಡೆ ಹೋಗ್ತಿದ್ನಲ್ಲವ್ವಾ."

ಮೀಟಿಂಗಿನಲ್ಲಿ ಹಿರಿಯಾಕೆ ನೀರು, ಬೆಲ್ಲ, ಶೇಂಗಾ ಕೊಟ್ಟು ಕೂರಿಸಿದರು. ಉಪಚಾರಕ್ಕೆ ಕೊರತೆಯಿರಲಿಲ್ಲ, ಮುಖಗಳು ಮಾತ್ರ ಬಿಗಿದಿದ್ದವು. ಅಕ್ಕೋರು ಸುತ್ತಿ ಬಳಸಿ ಮಾತಾಡಲಿಲ್ಲ.

"ತಪ್ಪು ನಮ್ದ ಐತ್ರಿ. ನಿಮ್ಮ ಫೋನಿಂದಲ್ಲ, ನೆಟ್‌ವರ್ಕಿಂದಲ್ಲ. ಮುಂದಿನ ಅಮಾಸಿತನಕ ತಡೀರಿ. ಅವತ್ತೂ ಫೋಟೋ ಹೋಗಲಿಲ್ಲಂದ್ರ ನಾನ ಬಂದು ನಿಮ್ಮ ಸೀರಿ ಹೊತ್ತು ಅಂಗಡಿಗೆ ಮುಟ್ಟಸ್ತೇನಿ."

"ಹೊರೂದೇನ ಬ್ಯಾಡ್ರಿ," ಎಂದರು ಹಿರಿಯಾಕೆ. "ಅವತ್ತ ನೀವ ಅಲ್ಲಿ ಇರ್ತೀರೋ ಇಲ್ಲೋ, ಅಷ್ಟ ಹೇಳ್ರಿ."

ಅಕ್ಕೋರು ಒಮ್ಮೆ ನನ್ನತ್ತ ನೋಡಿದರು. "ಇರ್ತೇನ್ರಿ," ಎಂದರು. ಆ ಒಂದು ಮಾತು ಅವರಿಗೆ ಎಷ್ಟು ಭಾರವಾಯಿತೆಂದು ಅಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ.

ಆ ತಿಂಗಳು ಬಳೆಗಳು ಮಣಿಕಟ್ಟಿಗೆ ಇಳಿದದ್ದೇ ಅಪರೂಪ. "ಒಳಗಿನವ್ರ ಬೆವರ ನೋಡಬ್ಯಾಡ, ಬಾಗಲದಾಗ ನಿಂತವ್ರನ್ನ ನೋಡು," ಎಂದು ಹೇಳಿ, ಸಿಪಿಯು ಬಿಟ್ಟು ಕಾಯುತ್ತಿರುವ ಸಾಲಿನ ಉದ್ದ ನೋಡಿ ಸರ್ವರ್ ಹೆಚ್ಚುವಂತೆ ಮಾಡಿಸಿದರು. ಕೈಯಲ್ಲಿರುವ ಫೋಟೋ ಮುಗಿಯದೆ ಯಾವ ಸರ್ವರನ್ನೂ ತೆಗೆಯಬಾರದೆಂದು ಕಟ್ಟು ಮಾಡಿದರು. ಅಮಾವಾಸ್ಯೆಯ ಬೆಳಿಗ್ಗೆ ಮೊದಲೇ ನಾಲ್ಕಾರು ಹೆಚ್ಚಿನ ಸರ್ವರುಗಳನ್ನು ಎಬ್ಬಿಸಿಡಲು ಹೇಳಿದರು. ಯಂತ್ರಕ್ಕೆ ತಾರೀಖು ತಿಳಿಯುತ್ತದೆ, ತಿಥಿ ತಿಳಿಯುವುದಿಲ್ಲ. ಹಾಗಾಗಿ ಸ್ಕ್ರೀನಿನ ಪಕ್ಕ ಮೊಳೆ ಹೊಡೆದು ಒಂದು ಗೋಡೆ ಕ್ಯಾಲೆಂಡರ್ ತೂಗುಹಾಕಿದರು. ತಿಂಗಳಿಗೊಮ್ಮೆ ಅದರಲ್ಲಿ ನೋಡಿ ಅಮಾವಾಸ್ಯೆಯ ತಾರೀಖನ್ನು ಯಂತ್ರಕ್ಕೆ ತುಂಬುವುದು ನನ್ನ ಪಾಲಿನ ಕೆಲಸವಾಯಿತು.

ಆದರೆ ಅವರ ಕಟ್ಟು? ಅದನ್ನು ಕೇಳುವ ಧೈರ್ಯ ನನಗಿರಲಿಲ್ಲ. ಅವರೇ ಹೇಳಿದರು: "ಹೊಸಾದ್ದು ಮಾಡೂದಿಲ್ಲ. ಮಾಡೂದೆಲ್ಲಾ ಅದರಕಿಂತ ಮೊದಲ ಮಾಡಿ ಮುಗಸೂದು. ಅಮಾಸಿ ದಿನ ಬರೇ ಕಾಯೂದು." ಮುಂದೆ ದೊಡ್ಡ ಕಂಪನಿಗಳವರ ಪರಿಚಯವಾದಾಗ, ಅತಿ ಗದ್ದಲದ ದಿನ ತಾವು ಯಾವ ಬದಲಾವಣೆಯನ್ನೂ ಮಾಡುವುದಿಲ್ಲ ಎಂದು ಅವರು ಹೆಮ್ಮೆಯಿಂದ ಹೇಳುವುದನ್ನು ಕೇಳಿದ್ದೇನೆ. ಅವರು ಯಾವ ದೇವರಿಗೆ ನಡೆದುಕೊಳ್ಳುತ್ತಾರೋ ಕೇಳಬೇಕೆನಿಸಿತ್ತು.

ಆ ಅಮಾವಾಸ್ಯೆಗೆ ಅಕ್ಕೋರು ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಹೋಳಿಗೆಯ ಡಬ್ಬಿ ಹಿಡಿದು ಬಂದರು. ಹೊತ್ತು ಏರಿದಂತೆ ಕಾಯುವ ಸಾಲೂ ಏರಿತು. ಹೊಸ ಸರ್ವರುಗಳು ಬಂದವು, ಆದರೆ ಸಾಲು ಕರಗಲಿಲ್ಲ. ಇನ್ನಷ್ಟು ಸೇರಿಸೋಣವೆಂದು ಮೌಸಿಗೆ ಕೈ ಹಾಕಿದೆ. ಅಕ್ಕೋರು ನನ್ನ ಮಣಿಕಟ್ಟು ಹಿಡಿದರು.

"ಕೈ ತಗಿ. ಅವು ಈಗಷ್ಟ ಬಸ್ಸ ಇಳದಾವು. ಉಸಿರ ತಗೊಳ್ಳಲಿ."

ಇಬ್ಬರೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತೆವು. ಸ್ಕ್ರೀನಿನಲ್ಲಿ ಸಾಲಿನ ಉದ್ದ ತೋರಿಸುವ ಗೆರೆ ಇನ್ನೂ ಏರಿತು, ನಿಂತಿತು, ಆಮೇಲೆ ಇಳಿಯಿತು. ಮಧ್ಯಾಹ್ನ ಇಳಕಲ್ಲಿನಿಂದ ಫೋನು ಬಂತು. "ಎಲ್ಲಾ ಸೀರಿ ಮ್ಯಾಲೆ ಹೋದುವ್ರಿ ಅಕ್ಕೋರ. ನೀವಿನ್ನ ಊಟಾ ಮಾಡ್ರಿ," ಎಂದರು ಹಿರಿಯಾಕೆ. ಅಕ್ಕೋರು ಡಬ್ಬಿಯ ಮುಚ್ಚಳ ತೆಗೆದು ಮೊದಲ ಹೋಳಿಗೆ ನನ್ನ ಕೈಗಿಟ್ಟರು.

ಈಗ ಅವರು ಹುನಗುಂದದಲ್ಲಿ ತಂಗಿಯ ಜೊತೆ ಇದ್ದಾರೆ. ಮೆಟ್ಟಿಲು ಹತ್ತಲು ಮೊಣಕಾಲು ಕೇಳುವುದಿಲ್ಲ. ಆಫೀಸಿನ ಕೀಲಿಕೈ ನನ್ನಲ್ಲಿದೆ. ಆ ಹೆಂಗಸರು ಬಿಟ್ಟು ಹೋಗಲಿಲ್ಲ, ಸುತ್ತಲಿನ ಊರುಗಳವರನ್ನೂ ಕರೆತಂದರು. ನನಗೆ ಗೊತ್ತಿರುವ ಕೆಲಸದಲ್ಲಿ ಮುಕ್ಕಾಲು ಪಾಲು ಅಕ್ಕೋರು ಕಲಿಸಿದ್ದು. ಕೈಕಟ್ಟಿ ಕೂರುವುದಂತೂ ಪೂರಾ ಅವರದೇ, ಮತ್ತು ಅದು ನನಗೆ ಇನ್ನೂ ಸರಿಯಾಗಿ ಬಂದಿಲ್ಲ.

ಹೋದ ಅಮಾವಾಸ್ಯೆ ಸಾಲು ಹಿಂದೆಂದೂ ಕಾಣದಷ್ಟು ಏರಿತ್ತು. ಅಷ್ಟರಲ್ಲೇ ಅವರ ಫೋನು.

"ಬಾಗಲದಾಗ ಮಂದಿ ಎಷ್ಟ ಅದಾರ?"

"ಭಾಳ ಅದಾರ್ರಿ ಅಕ್ಕೋರ."

"ಹೊಸ ಸರ್ವರ್ ಬಂದಾವಿಲ್ಲೊ?"

"ಬಂದಾವ್ರಿ. ಈಗಷ್ಟ ಬಂದಾವು."

"ಮತ್ತ ನಿನ್ನ ಕೈಯಾಗಿನ ಬಳಿ ಎಲ್ಲಿ ಅದಾವ?"

ನೋಡಿಕೊಂಡೆ. ನನಗೆ ತಿಳಿಯದಂತೆಯೇ ಬಳೆಗಳು ಮೊಣಕೈಗೆ ಏರಿ ಕೂತಿದ್ದವು. ಒಂದೊಂದಾಗಿ ಕೆಳಗೆ ಸರಿಸಿದೆ. ಆ ಸದ್ದು ಹುನಗುಂದಕ್ಕೆ ಮುಟ್ಟಿರಬೇಕು.

"ಹಾಂ," ಎಂದರು ಅಕ್ಕೋರು. "ಈಗ ಕುಂದ್ರು."