ನಿಂತ ಸೈಕಲ್ಲಿನ ಮೇಲೆ

ಪುತ್ತೂರಿನಿಂದ ಬೆಳ್ಳಾರೆ ಮಾರ್ಗವಾಗಿ ಸುಳ್ಯಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಅಪ್ಪ ಕಂಡಕ್ಟರ್ ಆಗಿದ್ದರು. ಆ ದಾರಿಯಲ್ಲಿ ನೆಟ್ಟಗಿನ ರಸ್ತೆ ಕಡಿಮೆ. ಎಂಥ ತಿರುವಿನಲ್ಲೂ ಅವರು ಕಂಬಿ ಹಿಡಿಯುತ್ತಿರಲಿಲ್ಲ. ಎರಡೂ ಕೈ ಬಿಟ್ಟು ನಿಂತೇ ಟಿಕೆಟ್ ಬರೆಯುತ್ತಿದ್ದರು. ಶಾಲೆಗೆ ರಜೆ ಇದ್ದಾಗ ನಾನೂ ಆ ಬಸ್ಸು ಹತ್ತಿ, ಕಿಟಕಿಯ ಹೊರಗೆ ನೋಡುವ ಬದಲು ಅಪ್ಪನನ್ನೇ ನೋಡುತ್ತ ಕೂರುತ್ತಿದ್ದೆ.

ಎಂಬತ್ತರ ದಶಕದ ನಡುವೆ, ನಾನು ಏಳನೆಯ ತರಗತಿಯಲ್ಲಿದ್ದಾಗ, ಅವರಿಗೆ ಟಿ.ಬಿ. ಬಂತು. ದಿನಾ ಇಂಜೆಕ್ಷನ್. ತಿಂಗಳುಗಳ ಮೇಲೆ ಕೆಮ್ಮು ನಿಂತಿತು, ಮೈ ತುಂಬಿತು. ಆದರೆ ನಡೆಯಲು ಹೊರಟರೆ ದೋಣಿಯಲ್ಲಿ ನಿಂತವರ ಹಾಗೆ ಓಲಾಡುತ್ತಿದ್ದರು. ನಿಶ್ಶಕ್ತಿ ಎಂದುಕೊಂಡೆವು. ನಿಶ್ಶಕ್ತಿ ಹೋಯಿತು, ಓಲಾಟ ಹೋಗಲಿಲ್ಲ. ಕೊನೆಗೆ ಡಾಕ್ಟರರು ಅಮ್ಮನನ್ನು ಕೂರಿಸಿ ಹೇಳಿದರು: "ಜೀವ ಉಳಿಸಿದ ಮದ್ದೇ ಕಿವಿಯೊಳಗಿನ ನರಕ್ಕೆ ತಾಗಿದೆಯಮ್ಮ. ನಮ್ಮನ್ನು ನೆಟ್ಟಗೆ ನಿಲ್ಲಿಸುವುದು ಆ ನರವೇ. ಹೋದದ್ದು ತಿರುಗಿ ಬರುದಿಲ್ಲ. ಇನ್ನು ಕಣ್ಣನ್ನು ನಂಬಿ ನಡೆಯಲು ಕಲಿಯಬೇಕು."

ಅಪ್ಪ ಕಲಿಯಲು ಹೊರಟದ್ದೂ ಹೌದು. ಒಂದು ಬೆಳಿಗ್ಗೆ ನನ್ನನ್ನು ಜೊತೆಗೆ ಕರೆದುಕೊಂಡು ಪೇಟೆಗೆ ಹೊರಟರು. ಹೋಟೆಲಿನ ಎದುರು ಕಾಲು ತಪ್ಪಿ ಗೋಡೆಗೆ ಒರಗಿದರು. ದಿನಾ ಅವರ ಬಸ್ಸಿನಲ್ಲಿ ಬರುತ್ತಿದ್ದವರೊಬ್ಬರು ಒಳಗಿನಿಂದ ನಕ್ಕು ಕೇಳಿದರು: "ಎಂತ ಮಾರಾಯ್ರೆ, ಬೆಳಿಗ್ಗೆಯೇ ಶುರುವಾ?" ಅಪ್ಪ ಜೀವಮಾನದಲ್ಲಿ ಕುಡಿದವರಲ್ಲ. ನನ್ನ ಭುಜ ಹಿಡಿದು ಹಿಂದಕ್ಕೆ ತಿರುಗಿದರು. ಆ ಹಿಡಿತ ಬಿಗಿಯಾಗಿತ್ತು, ನೋಯುತ್ತಿತ್ತು. ಅಂದಿನಿಂದ ಅವರು ಪೇಟೆಯ ಕಡೆ ಹೋಗಲಿಲ್ಲ.

ನಮ್ಮ ಮನೆಯ ಪಕ್ಕದಲ್ಲೇ ಮಾವನ ಅಕ್ಕಿ ಗಿರಣಿ ಇತ್ತು. ಅದು ನಿಂತು ವರ್ಷಗಳಾಗಿದ್ದರೂ ಭತ್ತ ಒಣಗಿಸುತ್ತಿದ್ದ ಸಿಮೆಂಟಿನ ಅಂಗಳ ಹಾಗೆಯೇ ಉಳಿದಿತ್ತು. ಬಿಸಿಲಿಗೆ ಕೂತುಕೊಳ್ಳಿ ಎಂದು ಅಮ್ಮ ಅಪ್ಪನಿಗೆ ಅಲ್ಲೊಂದು ಕುರ್ಚಿ ಹಾಕಿಕೊಡುತ್ತಿದ್ದಳು. ಮಾವ ತನ್ನ ಮಗನಿಗೆಂದು ಮಂಗಳೂರಿನಿಂದ ತಂದಿದ್ದ ಬಿಎಂಎಕ್ಸ್ ಸೈಕಲ್, ಅವನು ಹಾಸ್ಟೆಲಿಗೆ ಸೇರಿದ ಮೇಲೆ ನನ್ನ ಕೈಗೆ ಬಂದಿತ್ತು. ಗಿಡ್ಡ ಸೈಕಲ್, ದಪ್ಪ ಟಯರು. ಅವನು ಅದನ್ನು ನಡು ಅಂಗಳದಲ್ಲಿ ನಿಲ್ಲಿಸಿ, ಕಾಲು ನೆಲಕ್ಕೆ ಊರದೆ, ಪೆಡಲಿನ ಮೇಲೆ ಎದ್ದು ನಿಂತಿರುತ್ತಿದ್ದ. ನನಗೂ ಅದು ಬರಬೇಕಿತ್ತು.

ಬರಲಿಲ್ಲ. ಬ್ರೇಕು ಅದುಮಿ ಮೈಯೆಲ್ಲ ಬಿಗಿಮಾಡಿ ನಿಲ್ಲುತ್ತಿದ್ದೆ, ಮರುಕ್ಷಣ ಬೀಳುತ್ತಿದ್ದೆ. ಮೊಣಕೈ ಸಿಪ್ಪೆ ಎದ್ದಿತ್ತು. ಅಪ್ಪ ನೋಡಿಯೂ ನೋಡದವರಂತೆ ಕೂತಿರುತ್ತಿದ್ದರು. ಒಂದು ದಿನ ನಾನು ಬಿದ್ದಲ್ಲೇ ಕೂತು ಅತ್ತೆ. ಆಗ ಅವರು ಬಾಯಿ ಬಿಟ್ಟರು.

"ನೀನು ಚಕ್ರ ನೋಡುದು ಯಾಕೆ? ಅದು ಎಲ್ಲಿ ಹೋಗ್ತದೆ? ದೂರ ನೋಡು."

"ನಿಲ್ಲುದೇ ಇಲ್ಲ ಅಪ್ಪ ಇದು. ನೀವು ಬಸ್ಸಲ್ಲಿ ಹೇಗೆ ನಿಲ್ಲುತ್ತಿದ್ದದ್ದು?"

ಕೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಕೆಲಸದ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅಪ್ಪ ತಮ್ಮ ಕಾಲುಗಳನ್ನು ನೋಡಿಕೊಂಡರು.

"ನಾನು ನಿಂತದ್ದು ಎಲ್ಲಿ ಮಗಳೇ? ನಿಂತ ಹಾಗೆ ನಿಮಗೆ ಕಾಣುದು ಅಷ್ಟೆ. ಒಳಗೆ ಕಾಲು ಅಲ್ಲಾಡ್ತಾನೇ ಉಂಟು. ಬಸ್ಸು ಆಚೆ ಹೋದ್ರೆ ನಾನು ಈಚೆ. ಮರದ ಹಾಗೆ ಬಿಗಿದುಕೊಂಡವ ಮೊದಲು ಬೀಳ್ತಾನೆ. ಮೊಣಕಾಲು ಸಡಿಲ ಬಿಡು. ಏರಿನ ಕಡೆಗೆ ಮುಖ ಮಾಡು."

ಮಳೆನೀರು ಹರಿದುಹೋಗಲೆಂದು ಆ ಅಂಗಳಕ್ಕೆ ಒಂದು ಬದಿಗೆ ಸಣ್ಣ ಇಳಿಜಾರು ಕೊಟ್ಟಿದ್ದರು. ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಏರಿನ ಕಡೆ ತಿರುಗಿದೆ. ಪೆಡಲುಗಳು ಸಮ, ಮುಂದಿನ ಚಕ್ರ ತುಸು ಓರೆ. ಸೈಕಲ್ ಹಿಂದಕ್ಕೆ ಜಾರುತ್ತದೆ ಅನ್ನಿಸಿದಾಗ ಪೆಡಲನ್ನು ಒಂದಿಷ್ಟು ಒತ್ತಿದೆ, ಮುಂದೆ ಬಂದಾಗ ಸಡಿಲ ಬಿಟ್ಟೆ. ಆ ದಿನ ಬರಲಿಲ್ಲ. ಆ ವಾರವೂ ಬರಲಿಲ್ಲ. ಅಪ್ಪ ಮಾತ್ರ ಈಗ ಕುರ್ಚಿಯಲ್ಲಿ ಒರಗದೆ ಮುಂದಕ್ಕೆ ಬಾಗಿ ಕೂರುತ್ತಿದ್ದರು. "ಸೊಂಟ, ಸೊಂಟ!" ಎಂದು ಕೂಗುತ್ತಿದ್ದರು. ನಾನು ವಾಲಿದ ಕಡೆಗೆ ಅವರ ಮೈಯೂ ವಾಲುತ್ತಿತ್ತು.

ಕೊನೆಗೆ ಒಂದು ಬೆಳಿಗ್ಗೆ ಅದು ಬಂತು. ಎದುರಿನ ದಿಬ್ಬದ ಹಲಸಿನ ಮರ ನೋಡುತ್ತಿದ್ದೆ. ಚಕ್ರ ಒಂದು ಬೆರಳು ಹಿಂದೆ, ಒಂದು ಬೆರಳು ಮುಂದೆ. ಬೀಳುವುದು ನಿಂತಿರಲಿಲ್ಲ, ಬಿದ್ದಷ್ಟೂ ಎತ್ತಿಕೊಳ್ಳುವುದು ಗೊತ್ತಾಗಿತ್ತು. ಬಹಳ ಹೊತ್ತು ಹಾಗೇ ಇದ್ದೆ. ಇಳಿದು ತಿರುಗಿದರೆ ಅಪ್ಪ ಕುರ್ಚಿ ಬಿಟ್ಟು ಎದ್ದಿದ್ದರು. ಕಾಲು ಅಗಲಿಸಿ, ಮೊಣಕಾಲು ಸಡಿಲ ಬಿಟ್ಟು, ಅದೇ ಹಲಸಿನ ಮರ ನೋಡುತ್ತ ನಿಂತಿದ್ದರು. ಮೈ ಓಲಾಡುತ್ತಿತ್ತು. ಹಿಡಿಯಲು ಓಡಿದೆ.

"ಮುಟ್ಟಬೇಡ," ಎಂದರು. ನಾನು ಅಲ್ಲೇ ನಿಂತೆ. ಅವರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

ಮಳೆಗಾಲ ಕಳೆದ ಮೇಲೆ ಅವರು ಮತ್ತೆ ಪೇಟೆಗೆ ಹೊರಟರು. ಕೊಡೆ ಊರಿಕೊಂಡು ಓಲಾಡುತ್ತಲೇ ನಡೆದರು, ಹಿಂದೆ ನಾನು. ಹೋಟೆಲಿನ ಎದುರು ತಾವಾಗಿಯೇ ನಿಂತರು. ಒಳಗಿದ್ದವರು ತಲೆಯೆತ್ತಿ ನೋಡಿದರು.

"ಕುಡಿದದ್ದಲ್ಲ ಮಾರಾಯ್ರೆ," ಅಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಟಿ.ಬಿ. ಮದ್ದಿನಿಂದ ಹೀಗಾದದ್ದು. ಇನ್ನು ಇದು ಹೀಗೆಯೇ. ಬಿದ್ದರೆ ಸ್ವಲ್ಪ ಎತ್ತಿ."

ಯಾರೂ ನಗಲಿಲ್ಲ. ಅಂದು ಕೇಳಿದ್ದವರೇ ಎದ್ದು ಬಂದು ಕೈ ನೀಡಿದರು. ಅಪ್ಪ ಆ ಕೈ ಹಿಡಿದು ಮೆಟ್ಟಿಲು ಹತ್ತಿ, ನಮ್ಮಿಬ್ಬರಿಗೂ ಚಾ ಹೇಳಿದರು.