ಕಂಡಕ್ಟರಮ್ಮನ ಭಾನುವಾರದ ಒಂದು ಗಂಟೆ

ಕಂಡಕ್ಟರಮ್ಮ ಬಸ್ಸಿನಲ್ಲಿ ಎಂದೂ ಕಂಬಿ ಹಿಡಿದವಳಲ್ಲ. ತಿರುವಿನಲ್ಲಿ ಬಸ್ಸು ವಾಲಿ, ನಿಂತವರೆಲ್ಲ ಕೂತವರ ಮಡಿಲಿಗೆ ಬಿದ್ದರೂ ಇವಳು ಕಾಲಗಲಿಸಿ ನಿಂತು ಟಿಕೆಟ್ ಹರಿಯುತ್ತಿದ್ದಳು. ಅದನ್ನು ನೋಡಿಯೇ ಡಿಪೋದ ಮೆಕ್ಯಾನಿಕ್ ಅಕ್ಕ ಅವಳನ್ನು ಹೆಂಗಸರ ಫುಟ್‌ಬಾಲ್ ತಂಡಕ್ಕೆ ಗೋಲ್‌ಕೀಪರ್ ಮಾಡಿದ್ದು.

ಮಗಳು ಹುಟ್ಟಿದ ಮೇಲೆ ಆಟ ನಿಂತಿತು. ಸೊಂಟ ಹಿಡಿಯಿತು, ನಿದ್ದೆ ಹಾರಿತು. ಫುಟ್‌ಬೋರ್ಡಿನಲ್ಲಿ ನಿಂತವರ ಮೇಲೆಲ್ಲ ಹರಿಹಾಯತೊಡಗಿದಳು. ಕೊನೆಯ ಸ್ಟಾಪಿನಲ್ಲಿ ಬಸ್ಸು ಖಾಲಿಯಾದರೆ ಹಿಂದಿನ ಸೀಟಿಗೆ ಹೋಗಿ ಅಳುವಳು. ಡಾಕ್ಟರು ನಾಡಿ ನೋಡಿ, "ನಿಮಗೆ ಬೇಕಾಗಿರೋದು ಮಾತ್ರೆ ಅಲ್ಲಮ್ಮ, ಆಟ," ಎಂದರು.

"ಆಡೋವಾಗ ಮಗೂನ ಯಾರು ನೋಡ್ಕೋತಾರೆ ಸಾರ್?"

"ಅದು ನಮ್ಮ ವಿಭಾಗಕ್ಕೆ ಬರಲ್ಲ."

ಮಗುವನ್ನು ಗಂಡನ ಕೈಗೆ ಕೊಟ್ಟು ಒಂದು ಭಾನುವಾರ ಮೈದಾನಕ್ಕೆ ಹೋದಳು. ಗೇಟಿನ ಕಾವಲುಗಾರ ಕೇಳಿದ, "ಮಗು ಎಲ್ಲಮ್ಮ?" ಎದುರಾಳಿ ತಂಡದವಳೊಬ್ಬಳು ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ನಿಂತು, "ಅಯ್ಯೋ, ಕೂಸನ್ನ ಎಲ್ಲಿ ಬಿಟ್ಟು ಬಂದ್ರಿ?" ಎಂದಳು. ರೆಫರಿ ಸೀಟಿ ಊದಿ ಆಟ ನಿಲ್ಲಿಸಿದ, ಅದನ್ನೇ ಕೇಳುವುದಕ್ಕೆ. ಪಕ್ಕದಲ್ಲೇ ಕ್ರಿಕೆಟ್ ಆಡುತ್ತಿದ್ದ ಗಂಡಸರಲ್ಲಿ ಅವಳಿ ಮಕ್ಕಳ ತಂದೆಯಿದ್ದ, ಅಂದು ಬೆಳಿಗ್ಗೆಯಷ್ಟೇ ತಂದೆಯಾದವನೂ ಇದ್ದ. ಅವರ ಮಕ್ಕಳು ಹೂಕುಂಡದಲ್ಲಿ ತಾವಾಗಿಯೇ ಬೆಳೆಯುತ್ತಿದ್ದವೋ ಏನೋ, ಕೇಳಿದ ಒಬ್ಬ ಮಹಾನುಭಾವನೂ ಇಲ್ಲ.

ಆದರೂ ಮರುದಿನ ಬಸ್ಸಿನಲ್ಲಿ ಅವಳು ಊದಿದ ಸೀಟಿಗೆ ರಾಗ ಬಂದಿತ್ತು. ಆ ಒಂದು ಗಂಟೆ ಇನ್ನು ಕೈತಪ್ಪಬಾರದು ಎಂದುಕೊಂಡಳು.

ಗಂಡ ಕನ್ನಡಕದ ಅಂಗಡಿಯವನು. "ಮುಂದಿನ ವಾರ ಆಗಲ್ಲ ಕಣೇ. ಎತ್ಕೊಂಡು ಎತ್ಕೊಂಡು ತೋಳೇ ಬಿದ್ದುಹೋಯ್ತು," ಎಂದ.

ಮೆಕ್ಯಾನಿಕ್ ಅಕ್ಕ ನಕ್ಕಳು. "ಗಾಡಿ ಸ್ಟಾರ್ಟ್ ಆಗ್ದಿದ್ರೆ ತಳ್ಬೇಕು, ಗಂಡ ಸ್ಟಾರ್ಟ್ ಆಗ್ದಿದ್ರೆ ಹೊಗಳ್ಬೇಕು. ಮೈದಾನಕ್ಕೇ ಕರ್ಕೊಂಡು ಬಾರೇ."

ಅಂದಿನಿಂದ ತಂಡದ ಬದಲಿ ಆಟಗಾರ್ತಿಗೆ ಹೊಸ ಕೆಲಸ ಬಂತು. ಗಂಡನಿಗೆ ಕುರ್ಚಿ ಹಾಕಿ, ಕೊಡೆ ಹಿಡಿದು, ಹೊಗಳಿ ಅಟ್ಟಕ್ಕೇರಿಸುವುದು. "ಅಬ್ಬಾ ಭಾವ, ಎಷ್ಟು ಚೆನ್ನಾಗಿ ಎತ್ಕೊಂಡಿದ್ದೀರಿ! ತಲೆ ಮೇಲೆ, ಕಾಲು ಕೆಳಗೆ!"

"ಏನೋ ಬಿಡಮ್ಮ, ಕೈಲಾದಷ್ಟು."

ದಾರಿಹೋಕರು ನಿಂತು ನೋಡತೊಡಗಿದರು. ಆತ ಮಗುವಿನ ಮೂಗು ಒರೆಸಿದರೆ ಗೋಲಿಗೂ ಬೀಳದ ಚಪ್ಪಾಳೆ ಬೀಳುತ್ತಿತ್ತು. ಮಿಕ್ಕ ಗಂಡಂದಿರಿಗೆ ಹೊಟ್ಟೆಯುರಿ ಹತ್ತಿತು. ಮಕ್ಕಳಿಲ್ಲದವನೊಬ್ಬ ತಂಗಿಯ ಕೂಸನ್ನು ಕೇಳಿ ತಂದು ಕುಳಿತ.

ನರ್ಸುಗಳ ತಂಡದ ಮೇಲೆ ಫೈನಲ್ ಬಂತು. ಡಿಪೋ ಒಂದು ಗೋಲು ಮುಂದಿತ್ತು. ಅಷ್ಟರಲ್ಲಿ ಯಾರದೋ ಕಾಲು ಉಳುಕಿ, ಹೊಗಳುವವಳೇ ಆಡಲು ಇಳಿಯಬೇಕಾಯಿತು. ಗಂಡ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಮಗು ಕುಂಯ್ ಎಂದಿತು. ಹೊಗಳುವವರಿಲ್ಲದ ಮೇಲೆ ತಂದೆತನ ಯಾರಿಗೆ ಬೇಕು? ಎದ್ದವನೇ ನೆಟ್ಟಗೆ ಗೋಲಿನ ಬಳಿಗೆ ಬಂದ.

"ತಗೋ ಇವಳನ್ನ. ಹಸಿವು ಅನ್ಸುತ್ತೆ."

"ಚೆಂಡು ಬರ್ತಿದೆ ರೀ! ಬಾಟಲಿ ಬ್ಯಾಗಲ್ಲಿದೆ!"

"ಯಾವ ಬ್ಯಾಗು?"

"ನಿಮ್ಮ ಹೆಗಲಲ್ಲಿರೋ ಬ್ಯಾಗು!"

ಅವನು ಮಗುವನ್ನು ಅವಳ ಕೈಗೆ ತುರುಕಿ, ಬ್ಯಾಗು ನೆಲಕ್ಕಿಟ್ಟು, ಬಗ್ಗಿ ಬಾಟಲಿ ತಡಕಿದ. ನರ್ಸು ಒದ್ದ ಚೆಂಡು ಅವನ ಹಿಂಭಾಗಕ್ಕೆ ಬಡಿದು ಕಂಬದಾಚೆ ಹಾರಿತು. ರೆಫರಿ ತಲೆ ಕೆರೆದುಕೊಂಡು, "ನಿಯಮದಲ್ಲಿ ಗಂಡನ ಬಗ್ಗೆ ಏನೂ ಇಲ್ಲ," ಎಂದು ಕೊನೆಯ ಸೀಟಿ ಊದಿದ.

ಡಿಪೋ ಗೆದ್ದಿತು. ಗೋಲು ತಡೆದದ್ದಕ್ಕೆ ಉತ್ತಮ ಆಟಗಾರನ ಕಪ್ಪು ಗಂಡನಿಗೆ ಹೋಯಿತು. ವೇದಿಕೆಯ ಮೇಲೆ ಅವನು ಕಪ್ಪು ಹಿಡಿದು, "ಇದರಲ್ಲಿ ನಂದೇನೂ ಇಲ್ಲ," ಎಂದ. ಆ ತಿಂಗಳಲ್ಲಿ ಅವನಾಡಿದ ಒಂದೇ ಒಂದು ನಿಜ ಅದು. ಜನ ವಿನಯವೆಂದು ತಿಳಿದು ಕಣ್ಣೊರೆಸಿಕೊಂಡರು. ಕೆಳಗೆ ಗ್ಲೌಸು ತೊಟ್ಟ ಕೈಗಳಲ್ಲೇ ಮಗುವನ್ನು ಹಿಡಿದು, ಮೊಣಕಾಲು ತರಚಿಕೊಂಡು ನಿಂತಿದ್ದ ಕಂಡಕ್ಟರಮ್ಮನನ್ನು ಮುಖ್ಯ ಅತಿಥಿಗಳು ಅಕ್ಕರೆಯಿಂದ ಕೇಳಿದರು, "ನೀವೂ ಮ್ಯಾಚ್ ನೋಡೋಕೆ ಬಂದಿದ್ರಾ ತಾಯಿ?"

ಮುಂದಿನ ಭಾನುವಾರ ಗಂಡ ಚಪ್ಪಲಿ ಮೆಟ್ಟಿದ. "ಇವತ್ತು ಅಂಗಡೀಲಿ ಕೆಲಸ ಇದೆ ಕಣೇ. ನೀನೇ ನೋಡ್ಕೋ."

ಅವಳು ಜಗಳಕ್ಕೆ ಹೋಗಲಿಲ್ಲ. ಟಿವಿ ಮೇಲಿದ್ದ ಕಪ್ಪನ್ನು ಇಳಿಸಿ, ಒರೆಸಿ, ಚೀಲಕ್ಕೆ ಹಾಕಿದಳು.

"ಅದ್ಯಾಕೆ?"

"ವಾಪಸ್ ಕೊಟ್ಬಿಡ್ತೀನಿ. ಮೈಕಲ್ಲಿ ಹೇಳಿಸಿಬಿಟ್ರೆ ಆಯ್ತು, ಇನ್ಮೇಲೆ ಮಗು ನನ್ನ ಹತ್ರಾನೇ ಅಂತ. ಊರಿಗೆ ಸುಳ್ಳು ಹೇಳ್ಬಾರ್ದು, ಅಲ್ವಾ?"

ಗಂಡ ಕಪ್ಪು ನೋಡಿದ. ಕಿಟಕಿಯಾಚೆ, ತಂಗಿಯ ಕೂಸನ್ನು ಹೊತ್ತು ಮೈದಾನದ ಕಡೆಗೆ ಧಾವಿಸುತ್ತಿದ್ದ ಪ್ರತಿಸ್ಪರ್ಧಿಯನ್ನೂ ನೋಡಿದ. ಚಪ್ಪಲಿ ಬಿಟ್ಟು ಎರಡೂ ತೋಳು ಚಾಚಿದ.

ಗೇಟಿನಲ್ಲಿ ಕಾವಲುಗಾರ ಎಂದಿನಂತೆ ಕೇಳಿದ, "ಮಗು ಎಲ್ಲಮ್ಮ?"

"ಹಿಂದೆ ಬರ್ತಿದೆ, ಉತ್ತಮ ಆಟಗಾರರ ಜೊತೆ," ಎಂದು ಕಂಡಕ್ಟರಮ್ಮ ಗ್ಲೌಸನ್ನು ಹಲ್ಲಿನಿಂದ ಬಿಗಿದುಕೊಳ್ಳುತ್ತಾ ಗೋಲಿನತ್ತ ಓಡಿದಳು.